ಹಾಲಿನ ಬಾಟಲಿ ಉರುಳುವ ದಿಕ್ಕು

ದಾಕ್ಷಾಯಣಿಯ ಚಿಂತೆಗಳಲ್ಲಿ ಹೆಚ್ಚಿನವು ಎದ್ದು ಹೋಗಿ ನೋಡಿದರೆ ತೀರುವಂಥವು. ಗ್ಯಾಸಿನ ತಿರುಗಣೆ ಮುಚ್ಚಿದೆನೋ ಇಲ್ಲವೋ, ಮಗುವಿನ ನೀರು ಹತ್ತು ನಿಮಿಷ ಕುದಿಯಿತೋ ಎಂಟಕ್ಕೇ ಇಳಿಸಿಬಿಟ್ಟೆನೋ, ತೊಟ್ಟಿಲ ಹಗ್ಗದ ಗಂಟು ಸಡಿಲವಾಯಿತೋ ಏನೋ. ಎದ್ದಳು, ನೋಡಿದಳು, ಬಂದು ಕೂತಳು, ಮುಗಿಯಿತು. ಆದರೆ ಎಂಬತ್ತೇಳನೇ ಇಸವಿಯ ದಸರಾ ಕಳೆದ ಮೇಲೆ ಹತ್ತಿಕೊಂಡ ಚಿಂತೆಯನ್ನು ಎದ್ದು ಹೋಗಿ ನೋಡುವುದಕ್ಕೆ ಆಗುತ್ತಿರಲಿಲ್ಲ. ಅದು ಗಂಡನ ಹೊಸ ಕಾರಿನ ಚಕ್ರದೊಳಗೆ ಸೇರಿಕೊಂಡಿತ್ತು.

ಕಾರು ಕುಂಕುಮದ ಬಣ್ಣದ ಒನ್ ಎಯ್ಟೀನ್ ಎನ್‌ಇ. ತುಮಕೂರಿನಲ್ಲಿ ಆಗ ಕಾರು ಎಂದರೆ ಅಂಬಾಸಿಡರ್, ಇಲ್ಲವೇ ಹಳೇ ಫಿಯೆಟ್ಟು. ಇದಕ್ಕೆ ಗೇರು ನೆಲದಲ್ಲಿ, ಸೀಟು ಬಟ್ಟಲಿನ ಹಾಗೆ, ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು. ಗಂಡ ಚನ್ನಬಸವಯ್ಯ ಅದಕ್ಕೆ ಅಗಲದ ಟೈರು, ಅಂಗೈಯಗಲದ ಕರೀ ಪಟ್ಟೆ, ಪುಟ್ಟದೊಂದು ಚಕ್ಕುಲಿಯಂಥ ಸ್ಟಿಯರಿಂಗು ಹಾಕಿಸಿದ್ದ. ಬಿ.ಎಚ್. ರಸ್ತೆಯಲ್ಲಿ ಅವನದು ಪಂಪ್‌ಸೆಟ್ಟಿನ ಅಂಗಡಿ. ಗಿರಾಕಿಗೆ ಮೋಟರಿನ ಗುಣ ಹೇಳುವಾಗಲೂ ಅವನ ಕಣ್ಣು ಬಾಗಿಲಾಚೆ ನಿಂತ ಕಾರಿನ ಮೇಲೇ ಇರುತ್ತಿತ್ತು.

ಗುಬ್ಬಿಯಲ್ಲಿ ಆಯುಧಪೂಜೆ ಮುಗಿಸಿಕೊಂಡು ವಾಪಸು ಬರುವಾಗ ಶುರುವಾದದ್ದು ಇದು. ಏಳು ತಿಂಗಳ ಕೂಸು ನೀಲಾ ಮಡಿಲಲ್ಲಿತ್ತು. ಅದರ ಹಾಲಿನ ಬಾಟಲಿಯನ್ನು ದಾಕ್ಷಾಯಣಿ ಎದುರಿನ ತಟ್ಟೆಯಂಥ ಗೂಡಿನಲ್ಲಿ ಉದ್ದುದ್ದಕ್ಕೆ ಮಲಗಿಸಿದ್ದಳು. ಹೆಗ್ಗೆರೆಯ ಹತ್ತಿರ ಮೇಕೆಗಳು ರಸ್ತೆಗೆ ಅಡ್ಡ ಬಂದವು. ಚನ್ನಬಸವಯ್ಯ ಬ್ರೇಕು ತುಳಿದ. ಕಾರು ನಿಂತಿತು, ನಿಜ. ಆದರೆ ನಿಲ್ಲುವ ಮುಂಚೆ ಮೂತಿಯನ್ನು ಒಂದಿಷ್ಟು ಎಡಕ್ಕೆ, ಹುಣಿಸೆಮರದ ಕಡೆಗೆ ತಿರುವಿತು. ಬಾಟಲಿ ಗಡಗಡ ಉರುಳಿ ಬಲಗಡೆಗೆ, ಗಂಡನ ಮೊಣಕಾಲಿನವರೆಗೂ ಹೋಯಿತು.

ಅವಳು ಬಾಟಲಿಯನ್ನು ಮತ್ತೆ ನಡುವಿಗಿಟ್ಟಳು. ಊರ ಅಂಚಿನಲ್ಲಿ ಇನ್ನೊಮ್ಮೆ ಬ್ರೇಕು, ಇನ್ನೊಮ್ಮೆ ಬಾಟಲಿ ಬಲಕ್ಕೆ.

“ರೀ, ಕಾರು ಎಡಕ್ಕೆ ಎಳೀತಾ ಇದೆ.”

“ರಸ್ತೆ ಎಡಕ್ಕೆ ವಾಲಿದೆ ಕಣೇ.”

“ಹೋಗೋವಾಗ ವಾಲಿರ್ಲಿಲ್ವಾ?”

ಚನ್ನಬಸವಯ್ಯ ನಕ್ಕ. ಅವಳು ಪಕ್ಕದಲ್ಲಿ ಕೂತರೆ ಕಾರಿಗೂ ಭಯ ಹಿಡಿಯುತ್ತದೆ ಎಂದ. ಮರುದಿನ ಬೆಳಿಗ್ಗೆ ಗ್ಯಾರೇಜಿನವನ ಹತ್ತಿರ ಬಿಟ್ಟ. ಅವನು ಟೌನ್ ಹಾಲ್ ಸುತ್ತ ನಾಲ್ಕು ಸುತ್ತು ಹಾಕಿ, ನಾಲ್ಕು ಸಲ ನೆಟ್ಟಗೆ ನಿಲ್ಲಿಸಿ, ಗಾಡಿ ಗುಂಡುಕಲ್ಲಿನ ಹಾಗಿದೆ ಎಂದು ಕೀಲಿ ಕೈಗಿಟ್ಟ. ಆ ಮಾತನ್ನು ಗಂಡ ಮನೆಗೆ ಬಂದು ಮೂರು ಸಲ ಹೇಳಿದ. ದಾಕ್ಷಾಯಣಿಯ ಬಾಯಿ ಮುಚ್ಚಿತು, ಚಿಂತೆ ಮುಚ್ಚಲಿಲ್ಲ.

ಅವಳು ಬೆಂಗಳೂರಿನಲ್ಲಿ ಹುಟ್ಟಿ ಬಿ.ಎಸ್ಸಿ. ಮುಗಿಸಿದವಳು, ಹೆಡ್‌ಮಾಸ್ತರರ ಒಬ್ಬಳೇ ಮಗಳು. ಅಪ್ಪ ತಮ್ಮ ಹಳೇ ಫಿಯೆಟ್ಟಿನಲ್ಲಿ ಅವಳಿಗೆ ಕಾರು ಕಲಿಸಿ ಲೈಸೆನ್ಸನ್ನೂ ಕೊಡಿಸಿದ್ದರು. ಆ ಲೈಸೆನ್ಸು ಮದುವೆಯ ಟ್ರಂಕಿನ ತಳದಲ್ಲಿ ಮಾರ್ಕ್ಸ್ ಕಾರ್ಡುಗಳ ಜೊತೆ ಮಲಗಿ ಮೂರು ವರ್ಷವಾಗಿತ್ತು. ಗುಬ್ಬಿಯ ಅತ್ತೆಮನೆಯಲ್ಲಿ ಅದರ ಸುದ್ದಿಯನ್ನು ಅವಳು ಎತ್ತಿದವಳಲ್ಲ. ಅಲ್ಲಿ ಅವಳಿಗಿದ್ದ ಹೆಸರು ಒಂದೇ, ಪುಕ್ಕಲಿ. ಕೊಬ್ಬರಿ ಮಂಡಿಯ ಯಜಮಾನರಾದ ಮಾವ ಅಡವಿಯಪ್ಪನವರು ಅದನ್ನು ಪ್ರೀತಿಯಿಂದ ಹೇಳುತ್ತಿದ್ದರು. ಅತ್ತೆ ಬಸವಲಿಂಗಮ್ಮ ಪ್ರೀತಿ ಬೆರೆಸದೆ ಹೇಳುತ್ತಿದ್ದರು.

ನವೆಂಬರಿನಲ್ಲಿ ಗುಬ್ಬಿಯಿಂದ ಬರುವಾಗ ಚಿಂತೆ ನಿಜವಾಗಿ ಎದುರಿಗೆ ಬಂತು. ಮಲ್ಲಸಂದ್ರ ದಾಟಿದ ಮೇಲೆ ಒಂದು ಎತ್ತಿನ ಗಾಡಿ ಸೂಚನೆಯಿಲ್ಲದೆ ಹೊಲದಿಂದ ರಸ್ತೆಗೆ ಹತ್ತಿತು. ಚನ್ನಬಸವಯ್ಯ ಬಲವಾಗಿ ತುಳಿದ. ಕಾರು ಯಾರೋ ಕಿವಿ ಹಿಡಿದು ಎಳೆದ ಹಾಗೆ ಎಡಕ್ಕೆ ಹೊರಳಿ, ಮೈಲಿಗಲ್ಲಿಗೆ ಮಡ್‌ಗಾರ್ಡು ಸವರಿಕೊಂಡು ನಿಂತಿತು. ಮಗುವಿಗೆ ಏನೂ ಆಗಲಿಲ್ಲ, ನಿದ್ದೆಯಿಂದಲೂ ಏಳಲಿಲ್ಲ. ಆದರೆ ಅದರ ತಲೆಗೂ ಬಾಗಿಲಿಗೂ ನಡುವೆ ಇದ್ದದ್ದು ತನ್ನ ಮುಂಗೈ ಮಾತ್ರ ಎಂಬುದನ್ನು ದಾಕ್ಷಾಯಣಿ ನೋಡಿದಳು. ಆ ಮುಂಗೈ ವಾರವೆಲ್ಲ ನೀಲಿಗಟ್ಟಿತ್ತು. ಮನೆಗೆ ಬಂದವಳೇ, ಬ್ರೇಕು ಸರಿಯಾಗುವ ತನಕ ಕೂಸನ್ನು ಈ ಕಾರಿಗೆ ಹತ್ತಿಸುವುದಿಲ್ಲ ಎಂದಳು. ದನಿ ಎತ್ತರಿಸಲಿಲ್ಲ. ಅದಕ್ಕೇ ಚನ್ನಬಸವಯ್ಯನಿಗೆ ಇದು ಸುಮ್ಮನೆ ಹೋಗುವ ಮಾತಲ್ಲ ಎಂದು ತಿಳಿಯಿತು.

ಬಸ್ಸಿನಲ್ಲಿ ಹೋಗಬಹುದಿತ್ತಲ್ಲ? ಅಷ್ಟು ಸುಲಭವಿರಲಿಲ್ಲ. ಬಾಗಿಲಲ್ಲಿ ಕೆಂಪು ಕಾರು ನಿಲ್ಲಿಸಿಕೊಂಡು ಅಡವಿಯಪ್ಪನವರ ಸೊಸೆ ಗುಬ್ಬಿ ಬಸ್‌ಸ್ಟ್ಯಾಂಡಿನಲ್ಲಿ ಕೂಸೆತ್ತಿಕೊಂಡು ಇಳಿದರೆ, ಅವಳು ಮಂಡಿ ತಲುಪುವ ಮೊದಲು ಸುದ್ದಿ ತಲುಪುತ್ತಿತ್ತು. ಚನ್ನಬಸವಯ್ಯ ಅದಕ್ಕೆ ಒಪ್ಪಲಿಲ್ಲ. ಹಾಗಾಗಿ ನವೆಂಬರ್ ಕಳೆಯಿತು, ಡಿಸೆಂಬರೂ ಕಳೆಯುತ್ತ ಬಂತು, ಮೊಮ್ಮಗಳು ಗುಬ್ಬಿಗೆ ಹೋಗಲಿಲ್ಲ. ಒಂದು ದಿನ ಬಸವಲಿಂಗಮ್ಮನವರೇ ಫೋನು ಮಾಡಿದರು.

“ಏನವ್ವ, ನೀನು ಕಾರಿಗೆ ಹೆದರ್ತೀಯೋ, ಅತ್ತೆಮನೆಗೆ ಹೆದರ್ತೀಯೋ? ಸಂಕ್ರಾಂತಿಗೆ ಕೂಸಿನ ತಲೆ ಮೇಲೆ ಎಲಚಿ ಹಣ್ಣು ಎರೀಬೇಕು. ಮೊದಲ್ನೇ ಸಂಕ್ರಾಂತಿ. ಅದೂ ಇಲ್ಲ ಅಂದ್ರೆ ಹೇಳ್ಬುಡು, ನಾನು ಆಸೆ ಬುಡ್ತೀನಿ.”

ಎಲಚಿ, ಕಬ್ಬಿನ ಚೂರು, ಕಾಸು ಬೆರೆಸಿ ಮಗುವಿನ ತಲೆಯ ಮೇಲಿಂದ ಸುರಿದರೆ ದೃಷ್ಟಿ ಹೋಗುತ್ತದೆ ಎಂಬುದು ನಂಬಿಕೆ. ಅದನ್ನು ಸುರಿಯುವ ಕೈ ಅಜ್ಜಿಯದೇ ಆಗಿರಬೇಕು. ಏನಾದರೂ ಹೇಳಬೇಕೆಂದು ದಾಕ್ಷಾಯಣಿ ಬಾಯಿ ತೆರೆಯುವಷ್ಟರಲ್ಲಿ ಆ ಕಡೆ ಫೋನು ಇಟ್ಟಾಗಿತ್ತು. ಅಂದಿನಿಂದ ಅವಳು ಗುಬ್ಬಿಗೆ ಫೋನು ಮಾಡಿರಲಿಲ್ಲ. ಏನೆಂದು ಮಾಡುವುದು? ಬರುತ್ತೇನೆ ಎನ್ನುವ ಹಾಗಿಲ್ಲ, ಬರುವುದಿಲ್ಲ ಎನ್ನುವ ಹಾಗೂ ಇಲ್ಲ. ಫೋನಿನ ಮೇಲೆ ಕ್ರೋಷಾದ ಮುಸುಕು ಹಾಕಿಟ್ಟಳು.

ಮಡ್‌ಗಾರ್ಡು ತರಚಿದ ಮೇಲೆ ಚನ್ನಬಸವಯ್ಯನೂ ಏನೋ ತಪ್ಪಿದೆ ಎಂದು ಒಪ್ಪಿಕೊಂಡಿದ್ದ. ಅವನ ಪ್ರಕಾರ ತಪ್ಪು ಪ್ಯಾಡಿನದು. ಡಿಸ್ಕ್ ಬ್ರೇಕಿನಲ್ಲಿ ಚಕ್ರದ ಜೊತೆ ಒಂದು ಉಕ್ಕಿನ ತಟ್ಟೆ ತಿರುಗುತ್ತದೆ. ಬ್ರೇಕು ತುಳಿದರೆ ಎರಡು ಬಿಲ್ಲೆಗಳು ಅದನ್ನು ಎರಡೂ ಕಡೆಯಿಂದ ಇಕ್ಕಳದಂತೆ ಅವಚಿ ಹಿಡಿಯುತ್ತವೆ. ಆ ಬಿಲ್ಲೆಗಳೇ ಪ್ಯಾಡು. ಕಾರಿನೊಂದಿಗೆ ಬಂದ ಕಂಪನಿ ಪ್ಯಾಡು ಸಪ್ಪೆ, ಇಂಥ ಚುರುಕಾದ ಗಾಡಿಗೆ ತಕ್ಕದ್ದಲ್ಲ ಎಂದು ಅವನು ತೀರ್ಮಾನಿಸಿದ. ಮೊದಲು ಗ್ಯಾರೇಜಿನವನು ಎಲ್ಲಿಂದಲೋ ತಂದ ಹೆಸರಿಲ್ಲದ ಪ್ಯಾಡು ಹಾಕಿಸಿದ. ಐದು ದಿನ ನೆಟ್ಟಗಿತ್ತು, ಆಮೇಲೆ ಹಳೇ ರಾಗ. ಆಮೇಲೆ ಮದರಾಸಿನಲ್ಲಿ ರೇಸಿಗೆ ಹೋಗುವ ಗೆಳೆಯನೊಬ್ಬನಿಂದ ರೇಸ್ ಕಾರಿನ ಪ್ಯಾಡು ತರಿಸಿದ, ಎರಡು ಜೊತೆ. ಒಂದು ಜೊತೆ ಹಾಕಿಸಿದ. ಬೆಳಿಗ್ಗೆ ತುಳಿದರೆ ಹಂದಿ ಕಿರುಚಿದ ಹಾಗೆ ಕಿರುಚುತ್ತಿತ್ತು, ಬೀದಿಯವರೆಲ್ಲ ಬಾಗಿಲಿಗೆ ಬರುತ್ತಿದ್ದರು. ಅವೂ ವಾರದಲ್ಲೇ ಎಡಕ್ಕೆ ಎಳೆದವು. ಇಷ್ಟಾದರೂ ಅವನಿಗೆ ಬೇಸರವಿಲ್ಲ. ಬಿಚ್ಚಿದ ಪ್ಯಾಡುಗಳನ್ನು ಊಟದ ಮೇಜಿನ ಮೇಲೆ, ಮಗುವಿನ ರಾಗಿಸರಿಯ ಬಟ್ಟಲಿನ ಪಕ್ಕ ಸಾಲಾಗಿಟ್ಟು, ಇದಕ್ಕಿಂತ ಗಟ್ಟಿ ಬೇಕು, ಅದಕ್ಕಿಂತ ಮೆದು ಬೇಕು ಎಂದು ತೂಗುತ್ತ ಕೂರುತ್ತಿದ್ದ. ದಾಕ್ಷಾಯಣಿ ಆ ಕರೀ ಪುಡಿಯನ್ನು ಒರೆಸಿ ಒರೆಸಿ ಸಾಕಾದಳು.

ಆದರೆ ಒರೆಸುವವಳಿಗೆ ಕಾಣುವುದು ತೂಗುವವನಿಗೆ ಕಾಣುವುದಿಲ್ಲ. ಬಲಚಕ್ರದಿಂದ ಬಂದ ಪ್ಯಾಡುಗಳ ಪುಡಿ ಬೆರಳಿಗೆ ಅಂಟುತ್ತಿತ್ತು. ಎಡದ್ದು ಉದುರುತ್ತಿತ್ತು.

ಅವಳು ಮಗುವನ್ನು ಪಕ್ಕದ ಮನೆಯ ಕೌಸಲ್ಯಮ್ಮನವರ ಬಳಿ ಬಿಟ್ಟು, ಖಾಲಿ ಬಾಟಲಿಯೊಂದನ್ನು ಹಿಡಿದು, ಗಂಡನ ಜೊತೆ ಕಾರಿನಲ್ಲಿ ಹೋಗತೊಡಗಿದಳು. ಅವನು ಅದನ್ನು ಹೆಂಡತಿಗೆ ಕಾರಿನ ಮೇಲೆ ಮತ್ತೆ ಮನಸ್ಸು ಬಂತೆಂದುಕೊಂಡು ಹಿಗ್ಗಿದ. ಅವಳು ಹಾಲಿನ ಕಾರ್ಡಿನ ಹಿಂದೆ ಪೆನ್ಸಿಲಿನಿಂದ ಬರೆದುಕೊಳ್ಳುತ್ತಿದ್ದಳು. ಮನೆಯಿಂದ ಹೊರಟ ಹೊಸತರಲ್ಲಿ ಬ್ರೇಕು, ಬಾಟಲಿ ಅಲ್ಲಾಡಲಿಲ್ಲ. ಐದು ಮೈಲಿಗೆ ಕೊಂಚ ಬಲಕ್ಕೆ. ಹತ್ತು ಮೈಲಿ ಓಡಿದ ಮೇಲೆ ಪೂರ್ತಿ ಬಲಕ್ಕೆ. ನಿಂತು ಚಹಾ ಕುಡಿದು ಬಂದರೆ ಮತ್ತೆ ಸ್ವಲ್ಪ ಹೊತ್ತು ಸರಿ. ಗ್ಯಾರೇಜಿನವನು ಬೆಳಗಿನ ಚಳಿಯಲ್ಲಿ ಟೌನ್ ಹಾಲ್ ಸುತ್ತಿದ್ದಕ್ಕೇ ಅವನಿಗೆ ರೋಗ ಸಿಕ್ಕಿರಲಿಲ್ಲ.

ಇನ್ನೊಂದು ವಿಷಯವನ್ನೂ ಬರೆದುಕೊಂಡಳು. ದೂರ ಓಡಿ ನಿಂತಾಗ ಕಿಟಕಿಯಲ್ಲಿ ಒಂದು ವಾಸನೆ ಬರುತ್ತಿತ್ತು. ಸುಟ್ಟ ರಬ್ಬರಿನದಲ್ಲ, ಪೆಟ್ರೋಲಿನದೂ ಅಲ್ಲ. ಸಿಹಿಸಿಹಿಯಾಗಿ ಸೀದ ವಾಸನೆ.

“ಏನೋ ವಾಸನೆ ಬರ್ತಾ ಇದೆಯಲ್ರೀ.”

ಚನ್ನಬಸವಯ್ಯ ಮೂಗು ಹಿಗ್ಗಿಸಿ ಎಳೆದುಕೊಂಡ. “ಯಾವ ವಾಸನೆ? ಎಂಥದೂ ಇಲ್ಲ.”

ಅವನು ಸುಳ್ಳು ಹೇಳುವವನಲ್ಲ. ಆ ಮಾತು ಅವಳ ತಲೆಯಲ್ಲಿ ಹತ್ತು ದಿನ ಕೊರೆಯಿತು. ತನಗೆ ಬರುವ ವಾಸನೆ ಅವನಿಗೆ ಯಾಕೆ ಬರುವುದಿಲ್ಲ?

ಉತ್ತರ ಸಿಕ್ಕಿದ್ದು ಬಚ್ಚಲುಮನೆಯಲ್ಲಿ. ಜನವರಿಯ ಮೊದಲ ವಾರ, ಒಳ್ಳೇ ಚಳಿ. ನೀಲಾಗೆ ಎಣ್ಣೆ ಹಚ್ಚಬೇಕೆಂದು ಸೀಸೆ ಬಗ್ಗಿಸಿದರೆ ಕೊಬ್ಬರಿ ಎಣ್ಣೆ ಬೀಳಲಿಲ್ಲ, ಮೇಣದ ಹಾಗೆ ಬೆಳ್ಳಗೆ ಹೆಪ್ಪುಗಟ್ಟಿತ್ತು. ಅವಳು ಸೀಸೆಯನ್ನು ಬಿಸಿನೀರಿನ ಚೊಂಬಿನಲ್ಲಿ ನಿಲ್ಲಿಸಿದಳು. ಎಣ್ಣೆ ಅಂಚಿನಿಂದ ಕರಗಿ, ತಿಳಿಯಾಗಿ, ನಡುವಿನ ಗೆಡ್ಡೆ ಅಲ್ಲಾಡತೊಡಗಿತು. ಸೀಸೆಯ ಬಾಯಿಂದ ಗುಬ್ಬಿಯ ಮಂಡಿಯ ವಾಸನೆ ಎದ್ದಿತು. ದಾಕ್ಷಾಯಣಿ ಒದ್ದೆ ಕೈಯಲ್ಲೇ ಕೂತುಬಿಟ್ಟಳು.

ತಣ್ಣಗಿದ್ದರೆ ಕಲ್ಲು, ಬಿಸಿಯಾದರೆ ನೀರು. ಹತ್ತು ಮೈಲಿ ಓಡಿದರೆ ಚಕ್ರ ಬಿಸಿ. ಕೊಬ್ಬರಿಯ ರಾಶಿಯ ಮೇಲೆ ಆಡಿ ಬೆಳೆದವನಿಗೆ ಕೊಬ್ಬರಿಯ ವಾಸನೆ ಗಾಳಿಯಿದ್ದ ಹಾಗೆ, ಅದು ಅವನಿಗೆ ಯಾಕೆ ಗೊತ್ತಾಗಬೇಕು?

ಆಯುಧಪೂಜೆಯ ಮಧ್ಯಾಹ್ನ ಕಣ್ಣಿಗೆ ಕಟ್ಟಿದ ಹಾಗೆ ಬಂತು. ಮಂಡಿಯ ತಕ್ಕಡಿ, ಕೊಬ್ಬರಿ ಒಡೆಯುವ ಮಚ್ಚು, ಗಾಣದ ರಾಟೆ, ಎತ್ತಿನ ಗಾಡಿ ಎಲ್ಲಕ್ಕೂ ಎಣ್ಣೆ ಮುಟ್ಟಿಸಿ ಕುಂಕುಮವಿಟ್ಟಾಗಿತ್ತು. ಗಾಡಿಯ ಅಚ್ಚಿಗೆ ಹಬ್ಬದ ದಿನ ಕೀಲೆಣ್ಣೆ ಬಿಡುವುದು ಆ ಮನೆಯಲ್ಲಿ ತಪ್ಪದ ಪದ್ಧತಿ. ಕೊನೆಗೆ ಕಾರಿನ ಸರದಿ. ಹೊಳಪು ಕೊಡಲೆಂದು ಚನ್ನಬಸವಯ್ಯ ಚಕ್ರದ ಮುಚ್ಚಳಗಳನ್ನು ಬಿಚ್ಚಿದ್ದ. ಕೀಲೆಣ್ಣೆ ಕರ್ರಗಿರುತ್ತದೆ, ಹೊಸ ಕಾರಿಗೆ ಅದು ಚೆಂದವಲ್ಲ ಎಂದುಕೊಂಡು ಬಸವಲಿಂಗಮ್ಮನವರು ತಮ್ಮ ಗಾಣದ ಹೊಸ ಕೊಬ್ಬರಿ ಎಣ್ಣೆಯನ್ನೇ ಸೌಟಿನಲ್ಲಿ ತಂದು ಚಕ್ರದ ನಡುವಿನ ತೂತಿಗೆ ಧಾರಾಳವಾಗಿ ಎರೆದರು. ಬಲಗಡೆಗೆ ಮಾತ್ರ. ಎಡಗಡೆ ಮಂಡಿಯ ಗೋಡೆಗೆ ತಾಗಿತ್ತು, ಅಲ್ಲಿಗೆ ಯಾರಿಗೂ ಹೋಗಲಾಗಲಿಲ್ಲ. ಕೂಸನ್ನು ಎತ್ತಿಕೊಂಡು ಪಕ್ಕದಲ್ಲೇ ನಿಂತಿದ್ದ ದಾಕ್ಷಾಯಣಿಗೆ ಹೀಗೆ ಮಾಡಬಹುದೇ ಎಂಬ ಅನುಮಾನ ಬಂದಿತ್ತು. ಪುಕ್ಕಲಿಗೆ ಬಾರದ ಅನುಮಾನ ಯಾವುದು ಎಂದು ತಾನೇ ನುಂಗಿಕೊಂಡಿದ್ದಳು.

ಈ ಸಲ ನುಂಗಿಕೊಳ್ಳಲಿಲ್ಲ. ಅಂದೇ ಅಪ್ಪನಿಗೆ ಕಾಗದ ಬರೆದು, ಬೆಂಗಳೂರಿನ ಡೀಲರ ಬಳಿ ಕಂಪನಿಯ ಹೊಸ ಪ್ಯಾಡು ಒಂದು ಜೊತೆ ತೆಗೆದುಕೊಂಡು ತುಮಕೂರು ಬಸ್ಸಿನ ಕಂಡಕ್ಟರ ಕೈಲಿ ಕಳಿಸಿ ಎಂದಳು. ನಾಲ್ಕು ದಿನ ಬಿಟ್ಟು, ಗಂಡನಿಗೆ ಏನೂ ಹೇಳದೆ, ಕೂಸನ್ನು ಸೊಂಟಕ್ಕೆ ಏರಿಸಿಕೊಂಡು ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಗೆ ನಡೆದಳು. ಅಲ್ಲಿ ಬ್ರೇಕ್ ಪುಟ್ಟರಂಗಯ್ಯನ ಅಂಗಡಿ.

ಪುಟ್ಟರಂಗಯ್ಯ ಹುತ್ರಿದುರ್ಗದವನು. ಕುಣಿಗಲ್ ಸಾಲಿನ ಖಾಸಗಿ ಬಸ್ಸುಗಳಿಗೆ ಫಿಟ್ಟರಾಗಿದ್ದು, ಆಮೇಲೆ ತುಮಕೂರಿಗೆ ಬಂದು ಮೂವತ್ತು ವರ್ಷದಿಂದ ಬಸ್ಸು ಲಾರಿಗಳ ಬ್ರೇಕಿಗೆ ಹಿಡಿತದ ಪಟ್ಟಿ, ಅಂದರೆ ಲೈನಿಂಗು, ಬಡಿಯುತ್ತಿದ್ದ. ಪಂಪ್‌ಸೆಟ್ ಅಂಗಡಿಯ ಸಾಗಾಣಿಕೆ ವ್ಯಾನಿನ ಬ್ರೇಕೂ ಅವನ ಕೈಯದೇ. ಆದರೆ ಕೆಂಪು ಕಾರನ್ನು ಮಾತ್ರ ಚನ್ನಬಸವಯ್ಯ ಅವನ ಹತ್ತಿರಕ್ಕೆ ಒಯ್ದಿರಲಿಲ್ಲ. ಲಾರಿಯವನಿಗೆ ಡಿಸ್ಕ್ ಏನು ಗೊತ್ತು ಎಂಬುದು ಅವನ ವಾದ.

ದಾಕ್ಷಾಯಣಿ ಹಾಲಿನ ಕಾರ್ಡು ಮುಂದಿಟ್ಟು ಎಲ್ಲವನ್ನೂ ಹೇಳಿದಳು. ಬಾಟಲಿ, ಹತ್ತು ಮೈಲಿ, ಅಂಟುವ ಪುಡಿ, ವಾಸನೆ, ಸೌಟು. ಹೇಳುತ್ತ ಹೇಳುತ್ತ ಅವಳಿಗೇ ನಾಚಿಕೆಯಾಗಿ, ಇದೆಲ್ಲ ತನ್ನ ಭ್ರಮೆಯೋ ಏನೋ ಎಂದಳು. ಪುಟ್ಟರಂಗಯ್ಯ ಸುತ್ತಿಗೆ ಕೆಳಗಿಟ್ಟ.

“ಬ್ರಮೆ ಹತ್ತು ಮೈಲಿ ಅಂತ ಲೆಕ್ಕ ಇಟ್ಕಂಡು ಬರಾಕಿಲ್ಲ ಕಣವ್ವ. ನಾಳೆ ವೊತಾರೆ ಗಾಡಿ ತರಿಸು. ಬಿಸಿಲು ಏರಕ್ಕೆ ಮುಂಚೆ.”

ಚನ್ನಬಸವಯ್ಯನನ್ನು ಒಪ್ಪಿಸುವುದಕ್ಕೆ ಆ ಸಂಜೆಯೆಲ್ಲ ಹಿಡಿಯಿತು. ಲಾರಿ ರಿಪೇರಿಯವನ ಕೈಗೆ ಕಾರು ಕೊಟ್ಟರೆ ರೇಸಿನ ಗೆಳೆಯ ನಗುತ್ತಾನೆ ಎಂದ. ಸಂಕ್ರಾಂತಿಗೆ ಕೂಸು ಗುಬ್ಬಿಗೆ ಹೋಗದಿದ್ದರೆ ನಿಮ್ಮಮ್ಮ ಅಳುತ್ತಾರೆ, ಯಾವುದು ಮೇಲು ಎಂದು ಅವಳು ಕೇಳಿದಳು. ಅವನು ಎದ್ದು ಬೆಳಿಗ್ಗೆ ಐದಕ್ಕೆ ಅಲಾರಂ ಇಟ್ಟ.

ಬೆಳಿಗ್ಗೆ ಓಣಿಯಲ್ಲಿ ಕಾರು ಜ್ಯಾಕಿನ ಮೇಲೆ ನಿಂತಿತು. ಪುಟ್ಟರಂಗಯ್ಯ ಚಕ್ರ ತೆಗೆದ, ಪ್ಯಾಡು ತೆಗೆದ. ಗ್ಯಾರೇಜಿನವನೂ ಇಷ್ಟು ಮಾಡಿದ್ದ. ಆದರೆ ಇವನು ಅಲ್ಲಿಗೆ ನಿಲ್ಲದೆ ಉಕ್ಕಿನ ತಟ್ಟೆಯನ್ನೇ ಬಿಚ್ಚಿ, ಬಾಣಲೆಯಂತೆ ಗುಳಿಬಿದ್ದ ಅದರ ಒಳಬದಿಯನ್ನು ಬೆಳಕಿಗೆ ಹಿಡಿದ. ಗುಳಿಯ ತುಂಬ ಕರಿಯ ಮಡ್ಡಿ ಮೆತ್ತಿಕೊಂಡಿತ್ತು. ಸ್ಕ್ರೂಡ್ರೈವರಿನಿಂದ ಕೆರೆದರೆ ಕಪ್ಪಿನ ಕೆಳಗೆ ಬೆಳ್ಳಗೆ, ಗಟ್ಟಿಯಾಗಿ, ಬೆಣ್ಣೆಯ ಹಾಗೆ ಹೆಪ್ಪುಗಟ್ಟಿದ ಎಣ್ಣೆ.

ಪುಟ್ಟರಂಗಯ್ಯ ಒಂದು ಚೂರನ್ನು ಬೆರಳ ಮೇಲೆ ತೆಗೆದು ಚನ್ನಬಸವಯ್ಯನ ಮೂಗಿಗೆ ಹಿಡಿದ. ಚನ್ನಬಸವಯ್ಯ ಮೂಸಿದ, ಮತ್ತೆ ಮೂಸಿದ. ಆಮೇಲೆ ಮಂಡಿಯಲ್ಲಿ ಮಾಲು ನೋಡುವವರ ಹಾಗೆ ಬೆರಳುಗಳ ನಡುವೆ ಉಜ್ಜಿದ.

“ಇದು ನಮ್ಮ ಗಾಣದ್ದೇ ಎಣ್ಣೆ,” ಎಂದ.

“ವೊಳ್ಳೆ ಎಣ್ಣೆ ಸ್ವಾಮಿ,” ಎಂದ ಪುಟ್ಟರಂಗಯ್ಯ. “ಮೂರು ತಿಂಗಳಾದ್ರೂ ಕೆಟ್ಟಿಲ್ಲ.”

ಗಾಡಿ ಓಡಿ ತಟ್ಟೆ ಕಾದಾಗ ಗುಳಿಯ ಎಣ್ಣೆ ಕರಗಿ, ಚಕ್ರ ತಿರುಗುವ ರಭಸಕ್ಕೆ ಅಂಚಿಗೆ ಸಿಡಿದು ಪ್ಯಾಡಿಗೆ ಇಳಿಯುತ್ತಿತ್ತು. ಬಲದ ಪ್ಯಾಡು ಜಾರುತ್ತಿತ್ತು, ಎಡದ್ದು ಹಿಡಿಯುತ್ತಿತ್ತು, ಕಾರು ಎಡಕ್ಕೆ ಹೊರಳುತ್ತಿತ್ತು. ಎಂಥ ಪ್ಯಾಡು ತಂದು ಹಾಕಿದರೂ ಒಂದು ವಾರದಲ್ಲಿ ಅದಕ್ಕೂ ಅಭ್ಯಂಜನ. ಪೆಟ್ರೋಲಿನಲ್ಲಿ ತಟ್ಟೆಯನ್ನೂ ಗುಳಿಯನ್ನೂ ಮೂರು ಸಲ ತೊಳೆಯುವಾಗ ಚನ್ನಬಸವಯ್ಯ ಹೆಂಡತಿಯ ಕಡೆ ನೋಡಿದ, ಹಾಲಿನ ಕಾರ್ಡಿನ ಕಡೆ ನೋಡಿದ. ಟೌನ್ ಹಾಲ್ ಸುತ್ತ ಸುತ್ತಿದ ಗ್ಯಾರೇಜಿನವನನ್ನು ಬೈಯಲು ಶುರುಮಾಡಿ ಅರ್ಧದಲ್ಲೇ ನಿಲ್ಲಿಸಿದ. ತಾನೂ ಮನೆಯಲ್ಲಿ ಮೂರು ಸಲ ಗುಂಡುಕಲ್ಲು ಎಂದದ್ದು ಬಹುಶಃ ನೆನಪಾಗಿರಬೇಕು.

ಇನ್ನು ಪ್ಯಾಡು ಆರಿಸಬೇಕು. ಎಣ್ಣೆ ಕುಡಿದವು ಯಾವುವೂ ಕೆಲಸಕ್ಕೆ ಬಾರವು. ಮಣೆಯ ಮೇಲೆ ಹೊಸವು ಮೂರು ಜೊತೆ ಸಾಲಾಗಿ ಬಂದವು. ಗ್ಯಾರೇಜಿನವನು ಕೊಟ್ಟಿದ್ದ ಹೆಸರಿಲ್ಲದ ಇನ್ನೊಂದು ಜೊತೆ, ಮದರಾಸಿನ ರೇಸ್ ಪ್ಯಾಡಿನಲ್ಲಿ ಉಳಿದ ಜೊತೆ, ಹಿಂದಿನ ಸಂಜೆಯಷ್ಟೇ ಕಂಡಕ್ಟರ ಕೈಲಿ ಬಂದಿದ್ದ ಅಪ್ಪನ ಪೊಟ್ಟಣ. ಪುಟ್ಟರಂಗಯ್ಯ ಮೊದಲನೆಯದನ್ನು ಉಗುರಿನಿಂದ ಗೀರಿ, ಅಂಚು ಪುಡಿಯಾದದ್ದನ್ನು ತೋರಿಸಿ ಪಕ್ಕಕ್ಕೆ ತಳ್ಳಿದ. ಉಳಿದದ್ದು ಎರಡು. ಚನ್ನಬಸವಯ್ಯನ ಕೈ ತಾನಾಗಿ ರೇಸಿನದರ ಮೇಲೆ ಹೋಯಿತು. ಎಣ್ಣೆಯಿಲ್ಲದೆ ಇದ್ದಿದ್ದರೆ ಇದರಷ್ಟು ಹಿಡಿಯುವುದು ಬೇರೊಂದಿಲ್ಲ, ಬೆಟ್ಟ ಇಳಿಯುವಾಗ ಕಂಪನಿಯದು ಕಾದು ಕೈಕೊಡುತ್ತದೆ ಎಂದ.

ಪುಟ್ಟರಂಗಯ್ಯ ದಾಕ್ಷಾಯಣಿಯ ಕಡೆ ತಿರುಗಿದ. ಮೂವತ್ತು ವರ್ಷದಿಂದ ಲೈನಿಂಗು ಬಡಿಯುವ ಮೊದಲು ಪ್ರತಿ ಡ್ರೈವರನ್ನು ಕೇಳುತ್ತಿದ್ದ ಪ್ರಶ್ನೆಯನ್ನು ಅವಳಿಗೆ ಕೇಳಿದ. ಕಲ್ಲಿನ ಲಾರಿಗೊಂದು ಲೈನಿಂಗು, ಮದುವೆ ಬಸ್ಸಿಗೊಂದು.

“ಗಾಡೀಲಿ ಕೂರಾದು ಯಾರವ್ವ?”

“ಹತ್ತು ತಿಂಗಳ ಮಗು.”

“ಎಷ್ಟೊತ್ನಾಗೆ?”

“ಜ್ವರ ಬಂದ್ರೆ ಯಾವಾಗ ಬೇಕಾದ್ರೂ. ಬೆಳಿಗ್ಗೆ, ಚಳೀಲಿ.”

“ನೋಡಿ ಸ್ವಾಮಿ. ರೇಸಿಂದು ಕಾದ ಮೇಲೆ ಹುಲಿ, ತಣ್ಣಗಿದ್ರೆ ಬೆಕ್ಕು. ರೇಸಿನೋನು ನಾಕು ಸುತ್ತು ಹಾಕಿ ಕಾಯಿಸ್ಕತಾನೆ. ನಿಮ್ಮ ಮನೆ ಬಾಗ್ಲಾಗೆ ಮಗು ಅಡ್ಡ ಬಂದ್ರೆ ಕಾಯಿಸ್ಕಂಡು ತುಳೀತೀರಾ?”

ಚನ್ನಬಸವಯ್ಯ ರೇಸ್ ಪ್ಯಾಡಿನ ಮೇಲಿಂದ ಕೈ ತೆಗೆಯಲಿಲ್ಲ. ದಾಕ್ಷಾಯಣಿ ಅಪ್ಪನ ಪೊಟ್ಟಣವನ್ನು ಎತ್ತಿ ಪುಟ್ಟರಂಗಯ್ಯನ ಅಂಗೈಗಿಟ್ಟಳು.

“ಇದು. ಮೊದಲ್ನೇ ಸಲ ತುಳಿದಾಗ್ಲೇ ಹಿಡೀಬೇಕು. ಬೆಟ್ಟ ಇಳಿಸಿ ನೋಡೋಣ. ಕೈಕೊಟ್ರೆ ನೀವು ಹೇಳಿದ್ದು ಹಾಕಿಸಿ, ನಾನು ಉಸಿರೆತ್ತಲ್ಲ.”

ಪುಟ್ಟರಂಗಯ್ಯ ಪೊಟ್ಟಣದ ದಾರ ಬಿಚ್ಚಿದ.

ಸಂಕ್ರಾಂತಿಗೆ ಎರಡು ದಿನವಿತ್ತು. ಮಗುವನ್ನು ಕೌಸಲ್ಯಮ್ಮನವರಲ್ಲಿ ಬಿಟ್ಟು ಮೂವರೂ ಊರ್ಡಿಗೆರೆಯ ಮೇಲೆ ದೇವರಾಯನದುರ್ಗಕ್ಕೆ ಹೋದರು. ಹತ್ತಿಸಿದವನು ಚನ್ನಬಸವಯ್ಯ. ಮೇಲೆ ಕಾರು ತಿರುಗಿಸಿ ನಿಲ್ಲಿಸಿದಾಗ ಹಿಂದಿನ ಸೀಟಿನಲ್ಲಿದ್ದ ಪುಟ್ಟರಂಗಯ್ಯ, ಇಳಿಸುವವರು ಯಾರು ಎಂದು ಕೇಳಿದ. ಅವನು ಕಾರು ಓಡಿಸುವವನಲ್ಲ, ರಿಪೇರಿ ಮಾಡುವವನು.

“ನಾನು,” ಎಂದಳು ದಾಕ್ಷಾಯಣಿ.

ಗಂಡ ತಮಾಷೆ ಎಂದುಕೊಂಡ. ಅವಳು ಚೀಲದಿಂದ ಲೈಸೆನ್ಸು ತೆಗೆದು ಅವನ ತೊಡೆಯ ಮೇಲಿಟ್ಟಳು. ಅದಿರುವುದು ಅವನಿಗೆ ಗೊತ್ತಿತ್ತು, ಅದಕ್ಕೆ ಜೀವವಿದೆಯೆಂದು ಗೊತ್ತಿರಲಿಲ್ಲ. ಪುಟ್ಟರಂಗಯ್ಯ ಹಿಂದಿನಿಂದ, ಅಮ್ಮಾವ್ರು ತುಳಿಯಲಿ ಬುಡಿ ಸ್ವಾಮಿ, ನಂಬಿಕೆ ಕಿವಿಗೆ ಬಂದರೆ ಸಾಲದು ಕಾಲಿಗೆ ಬರಬೇಕು ಎಂದ. ಚನ್ನಬಸವಯ್ಯ ಇಳಿದು ಆಚೆ ಬದಿಗೆ ಬಂದ. ಅವಳು ಹಾಲಿನ ಬಾಟಲಿಗೆ ನೀರು ತುಂಬಿ ಗೂಡಿನ ನಡುವೆ ಉದ್ದುದ್ದಕ್ಕೆ ಮಲಗಿಸಿದಳು. ಗೇರು ಹಾಕಿದಳು.

ಮೊದಲ ತಿರುವು, ಬ್ರೇಕು. ಬಾಟಲಿ ಇದ್ದಲ್ಲೇ ಇತ್ತು. ಎರಡನೆಯದು. ಅಲ್ಲೇ. ಪುಟ್ಟರಂಗಯ್ಯ ಎರಡನೇ ಗೇರಿನಲ್ಲೇ ಇಡಿ, ಎಲ್ಲವನ್ನೂ ಬ್ರೇಕಿನ ತಲೆಗೆ ಕಟ್ಟಬೇಡಿ ಎಂದು ಹೇಳುತ್ತ ಬಂದ. ಮೂರು, ನಾಲ್ಕು. ಗಂಡಸರಿಬ್ಬರ ಕಣ್ಣೂ ಬಾಟಲಿಯ ಮೇಲೆ, ಅವಳದು ಮಾತ್ರ ರಸ್ತೆಯ ಮೇಲೆ. ಸಿಹಿಸೀದ ವಾಸನೆಗಾಗಿ ಅವಳ ಮೂಗು ಕಾಯುತ್ತಿತ್ತು. ಬರಲಿಲ್ಲ. ಬಂದದ್ದು ಕಾದ ಕಬ್ಬಿಣದ ಒಣ ವಾಸನೆ, ಬಂಡೆಯ ಮೇಲಿನ ಬಿಸಿಲಿನ ವಾಸನೆ.

ಕೊನೆಯ ತಿರುವಿನಲ್ಲಿ ಸೌದೆ ಹೊರೆ ಹೊತ್ತ ಮುದುಕಿಯೊಬ್ಬಳು ಪೊದೆಯಿಂದ ನೇರ ರಸ್ತೆಯ ನಡುವಿಗೆ ಬಂದು, ಕಾರು ಕಂಡು ಗಾಬರಿಯಾಗಿ ಅಲ್ಲೇ ನಿಂತಳು. ಯೋಚಿಸಲು ಹೊತ್ತಿರಲಿಲ್ಲ. ದಾಕ್ಷಾಯಣಿ ತುಳಿದಳು, ಇದ್ದ ಬಲವೆಲ್ಲ ಹಾಕಿ. ಟೈರು ಚೀರಿದವು, ಮೈ ಮುಂದಕ್ಕೆ ಹೋಗಿ ಹಿಂದಕ್ಕೆ ಬಂತು. ಕಾರು ದಾರ ಹಿಡಿದು ಗೆರೆ ಎಳೆದ ಹಾಗೆ ನೆಟ್ಟಗೆ ನಿಂತಿತು. ಮುದುಕಿಗೂ ಬಂಪರಿಗೂ ನಡುವೆ ಇನ್ನೂ ಎರಡು ಮಾರು ಜಾಗ ಉಳಿದಿತ್ತು. ಬಾಟಲಿ ಮುಂದಕ್ಕೆ ಜಾರಿ ಅಂಚಿಗೆ ತಾಗಿತ್ತು. ಎಡಕ್ಕಲ್ಲ, ಬಲಕ್ಕಲ್ಲ.

ಮುದುಕಿ ಹೊರೆಯನ್ನು ಸರಿಪಡಿಸಿಕೊಂಡು ಹತ್ತಿರ ಬಂದು ಕಿಟಕಿಯಲ್ಲಿ ಇಣುಕಿದಳು.

“ಓಡಿಸ್ತಿರಾದು ಹೆಣ್ಮಗಳಾ? ಅದ್ಕೇ ನಿಂತ್ಕತು,” ಎಂದು ಹೇಳಿ ರಸ್ತೆ ದಾಟಿ ಹೋದಳು.

ಹಿಂದಿನ ಸೀಟಿನಲ್ಲಿ ಪುಟ್ಟರಂಗಯ್ಯ ನಗತೊಡಗಿದವನು ಊರ್ಡಿಗೆರೆ ಬರುವ ತನಕ ನಿಲ್ಲಿಸಲಿಲ್ಲ. ಚನ್ನಬಸವಯ್ಯನಿಗೂ ನಗು ತಡೆಯಲಾಗಲಿಲ್ಲ. ಊರ್ಡಿಗೆರೆಯಲ್ಲಿ ಕಾಫಿಗೆ ನಿಂತಾಗ ಅವನು ಕಾರಿನ ಕೀಲಿಗೆ ಕೈ ಚಾಚಲಿಲ್ಲ. ಮನೆಯ ತನಕ ಅವಳೇ ಓಡಿಸಿದಳು. ಬಿ.ಎಚ್. ರಸ್ತೆಯಲ್ಲಿ ಪಂಪ್‌ಸೆಟ್ ಅಂಗಡಿಯ ಮುಂದೆ ಹಾದುಹೋಗುವಾಗ ಗುಮಾಸ್ತ ಮಹಾಲಿಂಗಯ್ಯ ಎದ್ದು ನಿಂತು ಕನ್ನಡಕ ಒರೆಸಿಕೊಂಡು ನೋಡಿದ. ಅವಳು ಹಾರ್ನ್ ಒತ್ತಿದಳು. ಒತ್ತಲೇಬೇಕಾದ ಕಾರಣವೇನೂ ಇರಲಿಲ್ಲ.

ಮನೆಗೆ ಬಂದ ಮೇಲೆ ಚನ್ನಬಸವಯ್ಯ, ಅಮ್ಮನಿಗೆ ಸೌಟಿನ ಕಥೆಯನ್ನು ಎಲ್ಲರೆದುರಿಗೆ ಹೇಳಬೇಕು, ಎಣ್ಣೆ ಕುಡಿದ ಮೂರು ಜೊತೆ ಪ್ಯಾಡನ್ನು ಒಯ್ದು ಪೂಜೆಯ ತಟ್ಟೆಯಲ್ಲಿಡಬೇಕು ಎಂದು ಹುರುಪಿನಲ್ಲಿದ್ದ. ಬೇಡ ಎಂದಳು ದಾಕ್ಷಾಯಣಿ. ಮೂರು ತಿಂಗಳು ಕೂತು ಹುಡುಕಿದ್ದು ತಾನು ಭ್ರಮಿಸುತ್ತಿಲ್ಲ ಎಂದು ತೋರಿಸುವುದಕ್ಕೆ, ಇನ್ನೊಬ್ಬರ ತಲೆ ತಗ್ಗಿಸುವುದಕ್ಕಲ್ಲ. ಹೊಸ ಕಾರಿಗೆ ಕೀಲೆಣ್ಣೆ ಚೆಂದವಲ್ಲ ಎಂದು ಮನೆಯ ಒಳ್ಳೆಯ ಎಣ್ಣೆಯನ್ನು ತಂದ ಕೈ ಅದು. ಆ ಕೈಯಿಂದಲೇ ಕೂಸಿನ ತಲೆಯ ಮೇಲೆ ಎಲಚಿ ಬೀಳಬೇಕು. ಇಷ್ಟನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಬೇಡ ಎಂದಷ್ಟೇ ಹೇಳಿ, ಫೋನಿನ ಮೇಲಿದ್ದ ಕ್ರೋಷಾದ ಮುಸುಕು ತೆಗೆದು, ಎಕ್ಸ್‌ಚೇಂಜಿಗೆ ಗುಬ್ಬಿಯ ನಂಬರು ಕೊಟ್ಟಳು.

ಕಾಲು ಗಂಟೆಯಾದ ಮೇಲೆ ಫೋನು ಬಡಿದುಕೊಂಡಿತು, ಲೈನು ಸಿಕ್ಕಿತ್ತು. ಆ ಕಡೆ ಮಂಡಿಯ ಗದ್ದಲ, ಆಮೇಲೆ ಅತ್ತೆಯ ದನಿ.

“ಯಾರು?”

“ನಾನು ಅತ್ತೆ, ದಾಕ್ಷಾಯಣಿ.”

“ಹೇಳವ್ವ.”

“ಎಲಚಿ ಹಣ್ಣು ತರಿಸಿಡಿ. ಸಂಕ್ರಾಂತಿ ಬೆಳಿಗ್ಗೆ ಬರ್ತೀವಿ.”

“ಬಸ್ಸಾಗಾ?”

“ಕಾರಲ್ಲಿ. ನಾನೇ ಓಡಿಸ್ಕೊಂಡು ಬರ್ತೀನಿ.”

ಬಸವಲಿಂಗಮ್ಮನವರು ಫೋನಿನಿಂದ ಬಾಯಿ ತೆಗೆದು ಯಾರಿಗೋ, ಕೇಳಿದ್ರಾ, ನಿಮ್ಮ ಪುಕ್ಕಲಿ ಕಾರು ಓಡಿಸ್ಕೊಂಡು ಬರ್ತಾಳಂತೆ ಎಂದು ಕೂಗಿದ್ದು ಕೇಳಿಸಿತು. ದೂರದಲ್ಲಿ ಅಡವಿಯಪ್ಪನವರು ನಕ್ಕದ್ದೂ ಕೇಳಿಸಿತು. ಮತ್ತೆ ಫೋನಿಗೆ ಬಂದ ದನಿ ಮೊದಲಿಗಿಂತ ಮೆತ್ತಗಾಗಿತ್ತು.

“ಬಾರವ್ವ, ಬಾ. ಹೊಸ ಎಣ್ಣೆ ಆಡ್ಸಿ ಇಟ್ಟಿದೀನಿ, ಕೂಸಿಗೆ. ಹಬ್ಬ ಅಲ್ವಾ, ಕಾರಿನ ಚಕ್ರಕ್ಕೂ ಒಂದು ಸೌಟು—”

“ಎಣ್ಣೆ ಎಲ್ಲಾ ಕೂಸಿಗೇ ಇರ್ಲಿ ಅತ್ತೆ,” ಎಂದಳು ದಾಕ್ಷಾಯಣಿ. “ಕಾರಿಗೆ ಕುಂಕುಮ ಸಾಕು.”